ದಡದ ಯಜಮಾನ

“ಮೇಷ್ಟ್ರೇ, ಕುಲಪತಿಯ ಕುರ್ಚಿಯಲ್ಲಿ ಕೂತವನ ತಲೆಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದು ಹೇಗೆ?” ಎಂದು ಪಂಪಾಪತಿ ತನ್ನ ಹಳೆಯ ಗುರುವನ್ನು ಕೇಳಿದ. “ಮೂರು ವರ್ಷವಾಯಿತು. ಬೆಳಗಾದರೆ ಸಭೆ, ಕಡತ, ಜಗಳ. ನಾನು ಓದಿ ಬೆಳೆದ ಶಾಸ್ತ್ರಕ್ಕೇ ಈಗ ನನ್ನ ಗುರುತು ಸಿಗುತ್ತಿಲ್ಲ. ರಾಜೀನಾಮೆ ಕೊಟ್ಟು ಮತ್ತೆ ಪಾಠಕ್ಕೆ ಹೋಗಿಬಿಡಲೇ?”

ಸಂಗನಬಸಪ್ಪ ಮೇಷ್ಟ್ರು ಅವನ ಮುಖ ನೋಡಿದರು. “ದಣಿದಿದ್ದೀಯ. ಕೂತ್ಕೋ,” ಎಂದು ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ಅಂತಿಂಥ ಅಂಬಿಗನಲ್ಲ. ಕಣ್ಣು ಕಟ್ಟಿ ಬಿಟ್ಟರೂ ಹರಿಗೋಲನ್ನು ಆಚೆ ದಡ ಮುಟ್ಟಿಸುವವನು. ಹೊಳೆ ಇವನನ್ನು ಕೇಳಿಯೇ ಹರಿಯುತ್ತದೆ ಎಂದು ಜನ ಅನ್ನುತ್ತಿದ್ದರು. ಅದಕ್ಕೇ ಹೊಳೆ ದಾಟಿಸುವ ಕಡವಿಗೆ ಅವನನ್ನು ಯಜಮಾನನನ್ನಾಗಿ ಮಾಡಿದರು.

ಯಜಮಾನಿಕೆಯೂ ಹಗುರದ ಕೆಲಸವಲ್ಲ. ಯಾರ ಪಾಳಿ ಮೊದಲು, ಯಾವ ಹರಿಗೋಲಿಗೆ ತೊಗಲು ಬದಲಿಸಬೇಕು, ಯಾರ ಮುನಿಸು ಇಳಿಸಬೇಕು, ಎಲ್ಲ ಅವನ ತಲೆಯ ಮೇಲೆ. ಅವನು ಬಂದ ಮೇಲೆ ಕಡವಿನಲ್ಲಿ ಹೊಡೆದಾಟ ನಿಂತಿತು. ಬಸುರಿ ಬಾಣಂತಿಯರು ಬಿಸಿಲಲ್ಲಿ ಕಾಯುವುದು ತಪ್ಪಿತು. ಹುಟ್ಟು ಹಿಡಿಯಲು ಮಾತ್ರ ಅವನಿಗೆ ಬಿಡುವಾಗಲಿಲ್ಲ.

ನಾಲ್ಕು ಮಳೆಗಾಲ ಕಳೆದವು. ಹೊಳೆ ತನ್ನ ಪಾಡಿಗೆ ತಾನು ಮರಳು ಸರಿಸಿತು. ಯಜಮಾನ ದಡದಲ್ಲಿ ನಿಂತು, “ಎಡಕ್ಕೆ ಹಿಡೀರೋ, ಆಳ ಇರೋದು ಅಲ್ಲೇ!” ಎಂದು ಹಳೆಯ ದಾರಿಯನ್ನೇ ಕೂಗುತ್ತಿದ್ದ. ಅಂಬಿಗರು ಹೂಂಗುಟ್ಟಿ, ನಡುನೀರಿಗೆ ಹೋದ ಮೇಲೆ ಬಲಕ್ಕೆ ತಿರುಗುತ್ತಿದ್ದರು. ಅದು ಅವನಿಗೆ ಕಾಣುತ್ತಿತ್ತು. ಆದರೆ ಅಷ್ಟು ದೊಡ್ಡ ಅಂಬಿಗ ಹೊಳೆಯ ದಾರಿಯನ್ನು ಯಾರನ್ನು ಕೇಳಬೇಕು?

ಒಂದು ದಿನ ಹೊಸಬನೊಬ್ಬ ಆ ಕೂಗು ನಂಬಿ ಎಡಕ್ಕೆ ಹಿಡಿದ. ಹರಿಗೋಲು ಮರಳಿಗೆ ಬಡಿದು ಮಗುಚಿತು. ಏಳು ಜನ ಇನ್ನೇನು ನೀರುಪಾಲಾಗುವುದರಲ್ಲಿದ್ದರು. ಹಿಂದೆ ಬರುತ್ತಿದ್ದ ಅಂಬಿಗಿತ್ತಿಯೊಬ್ಬಳು ಅಷ್ಟೂ ಜನರನ್ನು ಎಳೆದು ತಂದಳು.

“ತಾಯಿ, ಈ ಯಜಮಾನಿಕೆ ನನಗೆ ಸಾಕು,” ಎಂದು ಅವನು ತಲೆ ತಗ್ಗಿಸಿದ.

ಆಕೆ ಸೆರಗು ಹಿಂಡುತ್ತ, “ನೀವು ಬಿಟ್ಟು ಹೋದ್ರೆ ನಾಳೆ ದಡದ ಮೇಲೆ ಹೊಡೆದಾಟ. ಅದನ್ನ ನಮ್ಮಪ್ಪ ಬಂದು ಬಿಡಿಸ್ತಾನಾ? ದಿನಕ್ಕೊಂದು ಸಲ ನನ್ನ ಹರಿಗೋಲಲ್ಲಿ ಬಂದು ಕೂತ್ಕೊಳ್ಳಿ ಯಜಮಾನ್ರೇ. ಗೊತ್ತಿಲ್ಲದ್ದು ಕೇಳಿ, ಹೇಳ್ತೀನಿ,” ಎಂದಳು.

ಮಾರನೆಯ ಬೆಳಿಗ್ಗೆ ಅವನು ಅವಳ ಹರಿಗೋಲು ಹತ್ತಿದ. ದಡದವರು ನಕ್ಕರು. ಅವನು ಇಲ್ಲಿ ಆಳವೆಷ್ಟು, ಈ ದಿಬ್ಬ ಯಾವಾಗ ಎದ್ದಿತು ಎಂದು ಕೇಳುತ್ತಲೇ ಆಚೆ ದಡ ಮುಟ್ಟಿದ. ಜಗಳಗಳು ಅಷ್ಟು ಹೊತ್ತು ಅವನಿಗಾಗಿ ಕಾದವು.

ಕತೆ ಮುಗಿಯಿತು. ಪಂಪಾಪತಿಗೆ ಎದೆ ಹಗುರಾಯಿತು. “ತಿಳಿಯಿತು ಮೇಷ್ಟ್ರೇ. ಇನ್ನು ದಿನಾ ಒಂದು ಗಂಟೆ ಬಾಗಿಲು ಹಾಕಿಕೊಂಡು ಓದುತ್ತೇನೆ,” ಎಂದ.

“ಬಾಗಿಲು ತೆಗೆದೇ ಇರಲಿ ಮಗಾ, ಈ ಮೂರು ವರ್ಷದಲ್ಲಿ ‘ನನಗೆ ಗೊತ್ತಿಲ್ಲ, ಹೇಳಿಕೊಡಿ’ ಅಂತ ಯಾರ ಮುಂದೆ ಅಂದಿದ್ದೀಯ, ಒಂದು ಹೆಸರು ಹೇಳು.”