ಗುಂಡುಕಲ್ಲಿನ ಕುಲಾವಿ

"ಗುರುಗಳೇ, ನಿಮ್ಮಿಂದ ಕಲಿತ ತತ್ವಪದಗಳನ್ನು ಇಷ್ಟು ವರ್ಷ ಒಂದು ಸ್ವರ ಕೆಡದಂತೆ ಕಾಪಾಡಿಕೊಂಡು ಬಂದಿದ್ದೇನೆ. ಈಗ ಯಾರ್ಯಾರೋ ಬಂದು ನಮಗೂ ಕಲಿಸಿ ಎನ್ನುತ್ತಾರೆ. ಅವರ ಬಾಯಿಗೆ ಬಿದ್ದ ಮೇಲೆ ಪದ ಪದವಾಗಿ ಉಳಿಯುತ್ತದೆಯೇ? ಕೊಡುವುದಿಲ್ಲ ಎಂದರೆ ತಪ್ಪೇನು?"

ಶಿಷ್ಯ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅಂದು ಬೆಳಿಗ್ಗೆ ಸೊಪ್ಪು ಮಾರುವ ಇಬ್ಬರು ಹೆಂಗಸರು ಪದ ಕಲಿಯಬೇಕೆಂದು ಬಂದಿದ್ದರು. ಶಿಷ್ಯ ಅವರನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ್ದ. ಗುರುಗಳು ಅದನ್ನು ನೋಡಿದ್ದರು.

"ಆ ಮೊರ ಈಚೆ ತಳ್ಳು," ಎಂದರು ಗುರುಗಳು. "ನೀನೂ ನಾಲ್ಕು ಕಾಯಿ ಸುಲಿ. ಒಂದು ಕತೆ ಹೇಳುತ್ತೇನೆ."

ಹೀಗೆಂದು ಹೇಳತೊಡಗಿದರು.

ಒಂದು ಸಣ್ಣ ಊರು. ಆ ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ. ಅವನ ಹೆಸರು ಕಟ್ಟಿಕೊಂಡು ನಿನಗೇನಾಗಬೇಕು, ವ್ಯಾಪಾರಿ ಎಂದರೆ ಸಾಕು.

ಹಳೆಯ ವಸ್ತು ಎಂದರೆ ಅವನಿಗೆ ಪ್ರಾಣ. ಯಾರೋ ತಾತನ ಕಾಲದ ಬಾಗಿಲು ಕಿತ್ತು ಸೌದೆಗೆ ಸೀಳುತ್ತಿದ್ದಾರೆ ಎಂದು ಕೇಳಿದರೆ ಸಾಕು, ಹರಿಯುತ್ತಿದ್ದ ಬಟ್ಟೆಯನ್ನು ಅರ್ಧಕ್ಕೇ ಬಿಟ್ಟು ಓಡುತ್ತಿದ್ದ. ಗಿರಾಕಿ ಬಾಯಿ ಬಿಟ್ಟುಕೊಂಡು ನಿಂತಿರಬೇಕು. ತನ್ನಂಥ ಐದಾರು ಜನರನ್ನು ಸೇರಿಸಿಕೊಂಡು ಊರ ಪರಂಪರೆ ಸಂಘ ಎಂದು ಒಂದನ್ನು ಕಟ್ಟಿದ. ಅಧ್ಯಕ್ಷನೂ ತಾನೇ ಆದ. ಮಿಕ್ಕವರು ಯಾರೂ ಒಪ್ಪಲಿಲ್ಲ ಅನ್ನು. ಸಂಬಳವಿಲ್ಲ, ಸನ್ಮಾನವಿಲ್ಲ, ಬೈಗುಳ ಮಾತ್ರ ಪುಕ್ಕಟೆ. ಅವನ ಹೆಂಡತಿ, "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಅಣಕಿಸುತ್ತಿದ್ದಳು. ಅಣಕಿಸುತ್ತ ಅಣಕಿಸುತ್ತಲೇ ಒಂದು ದಿನ ಸೆರಗು ಸಿಕ್ಕಿಸಿ, ಪೊರಕೆ ಹಿಡಿದು ಬಂದಳು. ಸಂಘಕ್ಕೆ ಕಾರ್ಯದರ್ಶಿ ಸಿಕ್ಕ ಹಾಗಾಯಿತು.

ಗಂಡಹೆಂಡಿರು ಸೇರಿ ಊರ ನಡುವಿನ ಪಾಳುಚಾವಡಿಯನ್ನು ಗುಡಿಸಿ ಸಾರಿಸಿದರು. ಜನ ಬೇಡವೆಂದು ಬಿಸಾಡಿದ ಸೇರು, ಪಾವು, ಒನಕೆ, ದೀಪದ ಕಂಬ ಎಲ್ಲವನ್ನೂ ತಂದು ಅಲ್ಲಿ ಜೋಡಿಸಿದರು. ಅವರಿಗೆ ಮಕ್ಕಳಿರಲಿಲ್ಲ. ಚಾವಡಿಯಲ್ಲಿ ಎಷ್ಟು ಹೊತ್ತು ಕೂತರೂ ಮನೆಗೆ ಬನ್ನಿ ಎಂದು ಕರೆಯುವವರು ಯಾರೂ ಇರಲಿಲ್ಲ.

ಆ ಊರಿಗೆಲ್ಲ ಒಂದು ತೊಟ್ಟಿಲಿತ್ತು. ಹಲಸಿನ ಮರದ್ದು. ಅದು ಯಾರ ಮನೆಯದೂ ಅಲ್ಲ, ಎಲ್ಲರ ಮನೆಯದು. ಹೆರಿಗೆಯಾದ ಮನೆಗೆ ಹೋಗುವುದು, ಆ ಕೂಸು ಎದ್ದು ಅಂಗಳಕ್ಕೆ ಇಳಿಯುವ ಹೊತ್ತಿಗೆ ಇನ್ನೊಬ್ಬಳು ಬಂದು, "ಆಯ್ತೇನವ್ವ ನಿಮ್ಮದು?" ಎಂದು ಕೇಳಿ ಹೊರಿಸಿಕೊಂಡು ಹೋಗುವುದು. ಹಲ್ಲು ಮೂಡುವ ಮಕ್ಕಳು ಸುಮ್ಮನಿರುತ್ತವೆಯೇ? ಅದರ ಅಂಚಿನ ತುಂಬ ಹಲ್ಲಿನ ಗುರುತು. ವ್ಯಾಪಾರಿಯ ಹಲ್ಲಿನದೂ ಒಂದಿತ್ತು. ಅವನ ತಾಯಿ ತೋರಿಸಿದ್ದಳು. ಮಗನ ಮದುವೆಯಾದ ವರ್ಷವೇ ಆಕೆ ಆಸೆಯಿಂದ ಆ ತೊಟ್ಟಿಲನ್ನು ತರಿಸಿ ಅಟ್ಟದ ಮೇಲೆ ಇಡಿಸಿದಳು. ಕಾದಳು. ಬೇರೆ ಮನೆಯವರು ಬಂದು ಕೇಳಿದಾಗ ಇಲ್ಲವೆನ್ನಲಾಗದೆ ಕೊಟ್ಟಳು. ಅದು ಮತ್ತೆ ಆ ಮನೆಗೆ ಬರಲಿಲ್ಲ.

ಆಮೇಲೆ ಪೇಟೆಗೆ ಕಬ್ಬಿಣದ ತೊಟ್ಟಿಲುಗಳು ಬಂದವು. ಹಳೆಯದು ಯಾರದೋ ಕೊಟ್ಟಿಗೆಯಲ್ಲಿ ಬೆರಣಿ ತುಂಬಿಕೊಂಡು ಬಿದ್ದಿತ್ತು. ವ್ಯಾಪಾರಿ ಹುಡುಕಿ ತಂದ. ಉಜ್ಜಿ ತೊಳೆದು, ಎಣ್ಣೆ ಸವರಿ, ಸರಪಳಿ ಹಾಕಿಸಿ ಚಾವಡಿಯ ತೊಲೆಗೆ ತೂಗುಹಾಕಿದ. "ಮುಟ್ಟಬೇಡಿ" ಎಂದು ಹಲಗೆ ಬರೆಸಿ ಪಕ್ಕದಲ್ಲಿ ನಿಲ್ಲಿಸಿದ.

ಗಾಳಿ ಬಂದಾಗ ತೊಟ್ಟಿಲು ತಾನಾಗಿ ತೂಗುತ್ತಿತ್ತು. ಊರ ಮುದುಕಿಯರು ನೋಡಿ ಹೌಹಾರಿದರು. "ಬರಿದು ತೊಟ್ಟಿಲು ತೂಗಬಾರದು ಕಣಪ್ಪಾ, ಒಳ್ಳೇದಲ್ಲ!" ಎಂದರು. ಅದಕ್ಕೆ ವ್ಯಾಪಾರಿ ಮನೆಯಿಂದ ರುಬ್ಬುವ ಗುಂಡುಕಲ್ಲನ್ನು ತಂದು ಅದರಲ್ಲಿ ಮಲಗಿಸಿದ. ಅವನದೇನೂ ಹೊಸ ಪದ್ಧತಿಯಲ್ಲ. ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ಗುಂಡುಕಲ್ಲನ್ನೇ ಅಲ್ಲವೇ ಹಾಕುವುದು? ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಕೂಸಿನ ತಲೆಗೆ ಹಾಕುವ ಕುಲಾವಿ ತೊಡಿಸಿ, ಅದೇ ಕೂಸು ಎಂಬಂತೆ ತೂಗುತ್ತಾರೆ. ವ್ಯಾಪಾರಿಯ ಹೆಂಡತಿಯೂ ಅಂಗಡಿಯಲ್ಲಿ ಉಳಿದ ತುಂಡು ರೇಷ್ಮೆಯಲ್ಲಿ ಒಂದು ಕುಲಾವಿ ಹೊಲಿದು ಕಲ್ಲಿಗೆ ತೊಡಿಸಿದಳು.

ಅಲ್ಲಿಗೆ ನಿಲ್ಲಲಿಲ್ಲ ನೋಡು. ಯುಗಾದಿಗೆ ಒಂದು ಹೊಸ ಕುಲಾವಿ ಬಂತು. ಗೌರಿಹಬ್ಬಕ್ಕೆ ಇನ್ನೊಂದು ಬಂತು. ಬೆಳಿಗ್ಗೆ ಅಂಗಡಿಗೆ ಹೋಗುವ ಮುನ್ನ ವ್ಯಾಪಾರಿ ಚಾವಡಿಯ ಬಾಗಿಲು ತೆಗೆದು, ತೊಟ್ಟಿಲಿನ ಧೂಳು ಒರೆಸಿ, ಅತ್ತಿತ್ತ ನೋಡಿ, ಒಂದು ಸಲ ಮೆಲ್ಲಗೆ ತೂಗಿ ಹೋಗುತ್ತಿದ್ದ. ಯಾಕೆ ಎಂದು ಹೆಂಡತಿ ಕೇಳಲಿಲ್ಲ. ಹಬ್ಬಕ್ಕೆ ಕಲ್ಲಿಗೇಕೆ ಹೊಸ ಕುಲಾವಿ ಎಂದು ಅವನೂ ಕೇಳಲಿಲ್ಲ. ಊರವರು ಕಂಡೂ ಕಾಣದಂತಿದ್ದರು. ಪಾಪ, ಇಬ್ಬರ ಹೊಟ್ಟೆಯೊಳಗಿನ ಸಂಕಟ ಯಾರಿಗೆ ತಿಳಿಯದು?

ಹೀಗಿರುವಾಗ ಒಂದು ದಿನ ಹೂ ಕಟ್ಟಿ ಮಾರುವ ಮುದುಕಿ ಚಾವಡಿಗೆ ಬಂದಳು. ಅವಳ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಹಿಂದೆ ಎರಡು ಸಲ ಹುಟ್ಟಿದ ಕೂಸು ಕೈಗೆ ಹತ್ತಿರಲಿಲ್ಲ. ಮೂರನೆಯದು, ಹೆಣ್ಣುಕೂಸು, ಉಳಿದಿತ್ತು.

"ಸಾವ್ಕಾರ್ರೇ, ನಾಡಿದ್ದು ಕೂಸನ್ನ ತೊಟ್ಟಿಲಿಗೆ ಹಾಕ್ತೀವಿ. ಊರ ತೊಟ್ಟಿಲು ಕೊಡಿ. ಅದರಲ್ಲಿ ಮಲಗಿದ್ದ ನನ್ನ ಮಗಳು ಬಾಳಿದಳು. ಇದೂ ಬಾಳಲಿ," ಎಂದಳು ಮುದುಕಿ.

ವ್ಯಾಪಾರಿ ತೊಟ್ಟಿಲಿಗೆ ಅಡ್ಡ ಬಂದು ನಿಂತ. "ಅದು ಈಗ ಸಂಘದ್ದು ಅಜ್ಜಿ, ಹೊರಗೆ ಕೊಡೋ ಹಾಗಿಲ್ಲ. ಹಳೇ ಮರ. ಕೂಸಿನ ಭಾರಕ್ಕೆ ಎಲ್ಲಾದರೂ ಬಿಟ್ಟುಕೊಂಡರೆ? ಬೇಕಾದರೆ ನಾನೇ ಹೊಸದು ಕೊಡಿಸ್ತೀನಿ," ಎಂದ.

"ಹೊಸದು ಅಂಗಡೀಲಿ ಸಿಗುತ್ತಪ್ಪ. ಅದರಲ್ಲಿ ಯಾರ ಹಲ್ಲಿನ ಗುರುತೂ ಇಲ್ಲವಲ್ಲ," ಎಂದು ಮುದುಕಿ ಬುಟ್ಟಿ ಎತ್ತಿಕೊಂಡು ಹೊರಟಳು. ಬೈಯಲೂ ಇಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಸಂಘದ ಮಿಕ್ಕವರು ಅಧ್ಯಕ್ಷರು ಮಾಡಿದ್ದೇ ಸರಿ ಎಂದರು. ಒಬ್ಬರಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದರು. ವ್ಯಾಪಾರಿ ತಲೆಯಾಡಿಸಿದ. ಆದರೆ ಅಂದು ಊಟಕ್ಕೆ ಕೂತವನು ಅರ್ಧಕ್ಕೇ ಎದ್ದ. ಇನ್ನೊಬ್ಬರ ಕೂಸು ಆ ತೊಟ್ಟಿಲಿನಲ್ಲಿ ಮಲಗಿದರೆ ತನಗೆ ಉಳಿಯುವುದೇನು ಎಂದು ಅವನ ಮನಸ್ಸು ಕೇಳುತ್ತಿತ್ತು. ಹಾಗೆ ಕೇಳಿದ ಮನಸ್ಸಿನ ಮೇಲೆ ಅವನಿಗೇ ನಾಚಿಕೆಯಾಗುತ್ತಿತ್ತು.

ಮರುದಿನ ಬೆಳಿಗ್ಗೆ ಅವನು ಚಾವಡಿಗೆ ಹೋದಾಗ ಹೆಂಡತಿ ಆಗಲೇ ಅಲ್ಲಿದ್ದಳು. ಗುಂಡುಕಲ್ಲನ್ನು ತೊಟ್ಟಿಲಿನಿಂದ ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ರೀ, ಇಷ್ಟು ಭಾರದ ಕಲ್ಲು ಹೊತ್ತ ತೊಟ್ಟಿಲು ಅಂಗೈಯಗಲದ ಕೂಸನ್ನ ಹೊರೋದಿಲ್ಲವೇ?" ಎಂದಳು.

ಅವನು ತೊಟ್ಟಿಲಿನ ಅಂಚು ಸವರಿದ.

"ಹೋಗಲಿ, ಹೆಸರಿಡೋ ದಿನ ಮೊದಲು ಕಲ್ಲು ಮಲಗಿಸ್ತಾರಲ್ಲ, ಯಾಕೆ?"

"ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ."

"ಸರಿ. ಮಲಗಿಸಿದ ಕಲ್ಲನ್ನ ಮತ್ತೆ ತೆಗೀತಾರಲ್ಲ, ಅದು ಯಾಕೆ?"

ಅವನು ಕಂಬಕ್ಕೆ ಒರಗಿ ನಿಂತ. ಅವಳು ಕಲ್ಲಿನ ಕುಲಾವಿಯ ದಾರವನ್ನು ಬಿಚ್ಚುತ್ತ ಹೇಳಿದಳು: "ಕೂಸಿಗೆ ಜಾಗ ಬೇಕಲ್ಲ, ಅದಕ್ಕೆ. ನಾವು ಕಲ್ಲು ಮಲಗಿಸಿದೆವು, ತೆಗೆಯೋದನ್ನ ಮರೆತೆವು. ನಮ್ಮ ಮನೆಗೆ ಕೂಸು ಬರಲಿಲ್ಲ. ಅದು ನನ್ನ ತಪ್ಪಲ್ಲ, ನಿಮ್ಮ ತಪ್ಪಲ್ಲ. ಆ ಹಸುಗೂಸಿನ ತಪ್ಪಂತೂ ಅಲ್ಲವೇ ಅಲ್ಲ."

ಅಷ್ಟು ವರ್ಷ ಇಬ್ಬರೂ ಬಾಯಿಬಿಟ್ಟು ಆಡದಿದ್ದ ಮಾತು ಅದು. ವ್ಯಾಪಾರಿ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಹೆಂಡತಿಯೂ ಅತ್ತಳು. ಮನಸ್ಸು ಹಗುರಾಗುವಷ್ಟು ಅತ್ತ ಮೇಲೆ ಅವನು ಏಣಿ ತಂದು ತೊಟ್ಟಿಲಿನ ಸರಪಳಿ ಕಳಚಿದ. "ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ ಅಂತಾರೆ ಕಣೇ," ಎಂದ.

"ಕೇಳಲಿ ಬಿಡಿ. ಹಳೇ ವಸ್ತುಗಳನ್ನ ಯಾರೂ ಕೇಳೋರಿಲ್ಲ ಅಂತ ಅಲ್ಲವೇ ನೀವು ಸಂಘ ಕಟ್ಟಿದ್ದು?" ಎಂದಳು ಅವಳು.

ಇಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ತೊಟ್ಟಿಲನ್ನು ಹೊತ್ತುಕೊಂಡು ಬೀದಿಯಲ್ಲಿ ನಡೆದರು. ಗುಂಡುಕಲ್ಲನ್ನು ಮಾತ್ರ ಅದರೊಳಗೇ ಇಟ್ಟಿದ್ದರು. ಬರಿದು ತೊಟ್ಟಿಲು ಹೊರಬಾರದಲ್ಲ.

ಹೆಸರಿಡುವ ದಿನ ವ್ಯಾಪಾರಿಯ ಹೆಂಡತಿ ಹೆಂಗಸರ ಹಿಂದೆ, ಬಾಗಿಲ ಮರೆಯಲ್ಲಿ ನಿಂತಳು. ಮಕ್ಕಳಿಲ್ಲದವಳು ತಾನಾಗಿ ಮುಂದೆ ಹೋಗುವುದು ಹೇಗೆ ಎಂದು ಹಿಂಜರಿದಳು. ಹೂವಿನ ಮುದುಕಿ ಅವಳನ್ನು ಹುಡುಕಿ, ರಟ್ಟೆ ಹಿಡಿದು ಎಳೆದುತಂದಳು. "ಇಷ್ಟು ದಿನ ಈ ತೊಟ್ಟಿಲು ನೋಡಿಕೊಂಡವಳು ಯಾರವ್ವ? ಕೂಸನ್ನ ತೊಟ್ಟಿಲಿಗೆ ನೀನೇ ಕೊಡಬೇಕು," ಎಂದಳು. ಪದ್ಧತಿಯಂತೆ ಅವಳು ತೊಟ್ಟಿಲಿನ ಅಡಿಯಿಂದ ಮೊದಲು ಕಲ್ಲನ್ನು ಕೊಟ್ಟಳು. ಆಚೆ ಕೂತ ಹೆಂಗಸು ತೆಗೆದುಕೊಂಡು ಮಲಗಿಸಿ, ತೂಗಿ, ಎತ್ತಿ ಕೆಳಗಿಟ್ಟಳು. ಆಮೇಲೆ ಕೂಸನ್ನು ವ್ಯಾಪಾರಿಯ ಹೆಂಡತಿಯ ಕೈಗೆ ಕೊಟ್ಟರು. ಆ ಕೈಗಳಿಗೆ ಕಲ್ಲಿನ ಭಾರ ಗೊತ್ತಿತ್ತು, ಕೂಸಿನ ಹಗುರ ಗೊತ್ತಿರಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡು ಹಾಗೇ ಕೂತಳು. ಸುತ್ತ ಇದ್ದವರು ಏನೂ ಅವಸರ ಮಾಡಲಿಲ್ಲ.

ವ್ಯಾಪಾರಿ ಹೊರಗೆ ಗಂಡಸರ ಜೊತೆ ಕೂತಿದ್ದ. ಅವನ ಕಿವಿಯೆಲ್ಲ ಒಳಗಿತ್ತು. ಮರ ಎಲ್ಲಿ ಸೀಳಿತೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದ. ಒಳಗೆ ಹೆಂಗಸರು ಗೊಳ್ಳನೆ ನಕ್ಕರು. ಮುದುಕಿ ಬಾಗಿಲಿಗೆ ಬಂದು, "ಸಾವ್ಕಾರ್ರೇ, ನಿಮ್ಮ ತೊಟ್ಟಿಲು ಒದ್ದೆ ಮಾಡಿಬಿಟ್ಟಳು ನಮ್ಮವಳು!" ಎಂದಳು. ಚಾವಡಿಯಲ್ಲಿ ಒಂದು ಹನಿ ನೀರು ಬೀಳಗೊಡದವನು ಎಲ್ಲರಿಗಿಂತ ಜೋರಾಗಿ ನಕ್ಕ.

ಕೂಸು ಹೆಜ್ಜೆ ಹಾಕುವ ಹೊತ್ತಿಗೆ ಮುದುಕಿ ತೊಟ್ಟಿಲನ್ನು ಹಿಂದಕ್ಕೆ ತಂದಳು. ಅಂಚಿನಲ್ಲಿ ಹೊಸದಾಗಿ ಸಣ್ಣ ಹಲ್ಲಿನ ಗುರುತು ಬಿದ್ದಿತ್ತು. ಗಂಡಹೆಂಡಿರು ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ತೊಲೆಗೆ ತೂಗುಹಾಕಬೇಕು ಎನ್ನುವಷ್ಟರಲ್ಲಿ ಕೆಳಗಿನ ಬೀದಿಯಿಂದ ಒಬ್ಬಳು ಬಂದು, "ಆಯ್ತೇನಣ್ಣ ಅವರದ್ದು?" ಎಂದಳು.

ಈಗ ಆ ಚಾವಡಿಗೆ ಹೋದರೆ ತೊಲೆಯಲ್ಲಿ ಬರಿಯ ಕೊಂಡಿಗಳಿವೆ. "ಮುಟ್ಟಬೇಡಿ" ಎಂಬ ಹಲಗೆ ಇಲ್ಲ. ದೂರದ ಊರಿನವರು ಬಂದು ಆ ತೊಟ್ಟಿಲು ಎಲ್ಲಿ ಎಂದು ಕೇಳಿದರೆ ವ್ಯಾಪಾರಿ ಬೀದಿಗೆ ಬಂದು ಕೈತೋರಿಸುತ್ತಾನೆ: "ಆ ಮೂರನೇ ಮನೇಲಿದೆ, ಹೋಗಿ ನೋಡಿ ಬನ್ನಿ. ಕೂಸು ಮಲಗಿದ್ದರೆ ಮಾತ್ರ ಸದ್ದು ಮಾಡಬೇಡಿ."

ಕತೆ ಮುಗಿಯಿತು. ಮೊರದಲ್ಲಿ ಸಿಪ್ಪೆ ರಾಶಿಯಾಗಿತ್ತು. ಶಿಷ್ಯನ ಕಣ್ಣು ತೇವವಾಗಿತ್ತು.

"ಎಂಥ ದೊಡ್ಡ ಮನಸ್ಸು ಗುರುಗಳೇ ಆ ವ್ಯಾಪಾರಿಯದು!" ಎಂದ ಶಿಷ್ಯ. "ನನ್ನ ಪ್ರಶ್ನೆಗೆ ಉತ್ತರ ಮಾತ್ರ ತಿಳಿಯಲಿಲ್ಲ."

ಗುರುಗಳು ಕಾಳಿನ ಬಟ್ಟಲನ್ನು ಎತ್ತಿಕೊಂಡು ಎದ್ದರು. ಬಾಗಿಲ ಬಳಿ ನಿಂತು, ಶಿಷ್ಯನ ತಲೆಯ ಮೇಲೆ ಕೈಯಿಟ್ಟು ಹೇಳಿದರು:

"ಬೆಳಿಗ್ಗೆ ಆ ಇಬ್ಬರು ತಾಯಂದಿರು ನಿನ್ನ ಪದಗಳ ತೊಟ್ಟಿಲಿಗೆ ಕೂಸು ಎತ್ತಿಕೊಂಡೇ ಬಂದಿದ್ದರಪ್ಪಾ, ನೀನು ಕಲ್ಲಿಗೆ ಕುಲಾವಿ ಹೊಲಿಯುತ್ತ ಕೂತಿದ್ದೆ."