ಊರಲ್ಲಿಲ್ಲದ ಯಜಮಾನರು

ದ್ಯಾವಮ್ಮನ ಮನೆಗೆ ಹೋಗುವ ದಾರಿಗೇ ಊರಿನ ಮುಖಂಡ ಪರಮಶಿವಯ್ಯನವರು ಅಡ್ಡಗೋಡೆ ಕಟ್ಟಿಸಿಬಿಟ್ಟರು. ಆಕೆಗೆ ಉಚಿತ ಕಾನೂನು ನೆರವಿನ ವಕೀಲರು ಸಿಕ್ಕರು, ಕೇಸೂ ದಾಖಲಾಯಿತು. ಆದರೆ ಕೋರ್ಟಿನ ಸಮನ್ಸ್ ನಾಲ್ಕು ಸಲ ಹೋಗಿ, ನಾಲ್ಕು ಸಲವೂ ‘ಯಜಮಾನರು ಊರಲ್ಲಿಲ್ಲ’ ಎಂದು ವಾಪಸು ಬಂತು.

ಐದನೇ ಸಲ ಸಮನ್ಸ್ ಮುಟ್ಟಿಸಲು ಹೊಸ ಅಮೀನ ಹೋದ. ಪರಮಶಿವಯ್ಯನವರು ಜಗಲಿಯ ತೂಗುಮಂಚದಲ್ಲಿ ಕೂತು ಚಕ್ಕುಲಿ ಮುರಿಯುತ್ತಿದ್ದರು. ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ದಿನಾ ನೋಡುವ ಮುಖ, ಅಮೀನನಿಗೆ ಗುರುತು ಸಿಗದೆ ಇರುತ್ತದೆಯೇ?

“ಪರಮಶಿವಯ್ಯ ಊರಲ್ಲಿಲ್ಲ. ಹಾಗಂತ ಬರ್ಕೊಂಡು ಹೋಗ್ತಾ ಇರು,” ಎಂದು ಅವರೇ ಗದರಿದರು.

“ಆಗಲಿ ಸ್ವಾಮಿ.” ಅಮೀನ ಅಲ್ಲೇ ಕೂತು, ಬೀದಿಗೆಲ್ಲ ಕೇಳುವಂತೆ ಓದುತ್ತ ಷರಾ ಬರೆದ. “ಯಜಮಾನರು ಊರಲ್ಲಿಲ್ಲ. ಅವರಿಲ್ಲದ ಹೊತ್ತು ನೋಡಿ ಯಾರೋ ಅಪರಿಚಿತ ಒಳಗೆ ನುಗ್ಗಿ, ಅವರ ತೂಗುಮಂಚದಲ್ಲಿ ಕೂತು, ಅವರ ಚಕ್ಕುಲಿ ತಿನ್ನುತ್ತಿದ್ದಾನೆ. ಪೊಲೀಸರಿಗೆ ತಿಳಿಸಲಾಗುವುದು.”

ಅಕ್ಕಪಕ್ಕದವರು ಗೇಟಿಗೆ ಬಂದು ಇಣುಕಿದರು. ಪರಮಶಿವಯ್ಯನವರ ಬಾಯಲ್ಲಿದ್ದ ಚಕ್ಕುಲಿ ಅಲ್ಲೇ ನಿಂತಿತು.

“ಏ ಗಿರಿಜಾ, ನಾನು ಯಾರು ಅಂತ ಇವನಿಗೆ ಹೇಳೇ!”

ನಾಲ್ಕು ಸಲ ಸುಳ್ಳು ಹೇಳಿ ಸಾಕಾಗಿದ್ದ ಹೆಂಡತಿ ಬಾಗಿಲಿಗೆ ಬಂದು, ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಮ್ಮ ಯಜಮಾನ್ರು ಊರಲ್ಲಿಲ್ಲಪ್ಪ. ಇವರು ಯಾರೋ, ನನಗೆ ಗೊತ್ತಿಲ್ಲ.”

ಗೇಟಿನ ಹತ್ತಿರ ಯಾರೋ ಕಿಸಕ್ಕೆಂದರು. ಪರಮಶಿವಯ್ಯನವರು ಪೆನ್ನು ಕಸಿದುಕೊಂಡು ಸಮನ್ಸಿಗೆ ಸಹಿ ಹಾಕಿದರು.

ಅಮೀನ ಕಾಗದವನ್ನು ಜೋಪಾನವಾಗಿ ಚೀಲಕ್ಕೆ ಸೇರಿಸಿ ಕೈಮುಗಿದ.

“ಪ್ರಯಾಣ ಸುಖವಾಗಿತ್ತಾ ಸ್ವಾಮಿ?”