ಎರಡು ಕದದ ಕೆಂಚವ್ವ

ಒಂದಾನೊಂದು ಕಾಲದಲ್ಲಿ, ಎಲ್ಲಿ ಅಂತೀಯಾ, ನಿನ್ನಂಥದೇ ಒಂದು ತಲೆಯೊಳಗೆ, ಎದುರುಬದುರು ಎರಡು ಕೋಟೆ ಇದ್ವಂತೆ. ನಿಮ್ಮ ಮೇಡಮ್ಮು ನರಕೋಶ ಅಂತಾರಲ್ಲ, ಅವೇ ಕಣೋ. ನಡುವೆ ಉಪ್ಪುನೀರಿನ ಓಣಿ. ಈ ಕೋಟೆ ತಮಟೆಯೋರು ಓಣಿಗಿಳಿದು ಬಾರಿಸಿದ್ರೆ ಆ ಕೋಟೆಯೋರು ಖುಷಿಯಾಗಿ ಕುಣಿಯೋರಂತೆ. ಆಮೇಲೆ ತಮಟೆಯೋರನ್ನ ವಾಪಸ್ ಒಳಗೆ ಕರ್ಕೊಳ್ಳೋದು ಬಾಗಿಲು ಕಾಯೋ ಕೆಂಚವ್ವನ ಕೆಲಸ. ಅವಳ ಮಗಳು ತಿಪ್ಪಿ ಎದುರು ಕೋಟೇಲಿ ಸೋದರಮಾವನ ಮನೇಲಿದ್ಲು.

ಕೆಂಚವ್ವನ ಬಾಗಿಲಿಗೆ ಎರಡು ಕದ, ನಡುವೆ ಒಂದು ಮಣೆ. ಹೊರಗಿನ ಕದ ತೆಗೆದು, ತಮಟೆಯೋನನ್ನ ಮಣೆ ಮೇಲೆ ಕೂರಿಸಿ, ಜೊತೆಗಿಷ್ಟು ಉಪ್ಪು ಬಿಟ್ಕೊಂಡು, ಆ ಕದ ಹಾಕಿದ ಮೇಲೇ ಒಳಗಿನದು ತೆಗೀಬೇಕು. ಓಣೀಲಿ ಉಪ್ಪು ರಾಶಿ, ಒಳಗೆ ಚಿಟಿಕೆ, ಒಳಗೆ ನುಗ್ಗೋಕೆ ಅದಕ್ಕೆ ಎಲ್ಲಿಲ್ಲದ ಆತುರ, ಆ ನೂಕಿಗೇ ತಮಟೆಯೋನೂ ಒಳಗೆ ಬರೋನಂತೆ. ಎರಡೂ ಒಟ್ಟಿಗೆ ತೆಗೆದ್ರೋ, ಕೋಟೆಯೇ ಮುಳುಗಿಹೋಗ್ತದೆ!

ಹೀಗಿರ್ತಾ ಒಬ್ಬ, ತಮಟೆಯೋರ ಥರಾನೇ ಕೆಂಪು ರುಮಾಲು ಸುತ್ಕೊಂಡು ಬಂದನಂತೆ. ಕೆಂಚವ್ವ ರುಮಾಲು ನೋಡಿ ಬಿಡೋಳೇ ಹೊರತು ಮುಖ ನೋಡೋಳಲ್ಲ. ಕೂತ್ಕೋ ಅಂದ್ಲು, ಕೂತ. ಅಯ್ಯಯ್ಯೋ, ಹೊಟ್ಟೆ ನೋಡಿದ್ರೆ ಗುಡಾಣ! ಹೊರಗಿನ ಕದ ಹಾಕೋಕೇ ಆಗಲ್ಲ, ಅದು ಹಾಕದೆ ಒಳಗಿನದು ತೆಗೆಯಂಗಿಲ್ಲ. ತಮಟೆಯೋರೆಲ್ಲ ಓಣೀಲೇ ಉಳಿದು ಬಾರಿಸಿದ್ದೇ ಬಾರಿಸಿದ್ದು, ಎದುರಿನೋರು ಕುಣಿದಿದ್ದೇ ಕುಣಿದಿದ್ದು, ಅನ್ನ ಇಲ್ಲ, ನಿದ್ದೆ ಇಲ್ಲ. ಕೆಂಚವ್ವ ಇಣುಕಿದ್ರೆ ತಿಪ್ಪಿಯ ಅಂಗಾಲು ಊದಿದೆ, ಆದ್ರೂ ನಗ್ತಾ ಕುಣೀತಾಳೆ!

ಕೆಂಚವ್ವ ಮೊದಲು ಏಳಪ್ಪಾ ಅಂತ ಅವನಿಗೆ ಕೈಮುಗಿದ್ಲು, ಏಳಲಿಲ್ಲ. ಆಮೇಲೆ ಸೆರಗು ಬಿಗಿದು ಎಳೆದ್ಲು, ಅಲ್ಲಾಡಲಿಲ್ಲ. ಕೋಟೆ ಕಾಯೋ ಪಡೆಯ ದಳವಾಯಿ ಬಂದು ಒಳಗಿನ ಕದ ಒಡೆದುಬಿಡು ಅಂದನಂತೆ! ಕೆಂಚವ್ವ, ಊರು ಮುಳುಗಿಸ್ತೀಯೇನೋ ಅಂತ ಅವನನ್ನ ಬೈದು ಅಟ್ಟಿ, ತಮಟೆಯೋರನ್ನೆಲ್ಲ ಕೂಗಿ, ಬಾಗಿಲಿಗೆ ಒತ್ಕೊಂಡು ನಿಲ್ಲಿ, ಇವನು ಒಂಚೂರು ಎದ್ರೂ ಮಣೆ ಹಿಡೀರಿ ಅಂದ್ಲು. ಬೆನ್ನು ಕೆರ್ಕೊಳ್ಳೋಕೆ ಅವನು ಎದ್ದ ನೋಡು, ತಮಟೆಯೋನೊಬ್ಬ ಮಣೆ ಮೇಲೆ ಧುಬುಕ್ಕಂತ ಕೂತ! ಡೊಳ್ಳುಹೊಟ್ಟೆಯೋನು ಓಣಿ ನೀರಲ್ಲಿ ತೇಲಿಹೋದ. ಹೊರಗಿನ ಕದ ಢಂ, ಒಳಗಿನದು ಕಿರ್ರ್, ಒಬ್ಬೊಬ್ಬರೇ ಎಲ್ಲಾರೂ ಒಳಗೆ.

ತಮಟೆ ನಿಂತ್ವು, ತಿಪ್ಪಿ ಕುಸಿದು ಕೂತ್ಲು. ಕೆಂಚವ್ವ ಓಣಿ ದಾಟಿ ಓಡಿಹೋಗಿ ಬಾ ಕಂದಾ ಅಂದ್ರೆ, ಆ ಮಗು ಏನಂದಿತು ಗೊತ್ತಾ? ಆ ಡೊಳ್ಳುಹೊಟ್ಟೆಯೋನನ್ನ ಯಾಕೆ ಓಡಿಸ್ದೆ, ಅವನಿದ್ರೆ ತಮಟೆ ನಿಲ್ತಾನೇ ಇರಲಿಲ್ಲ, ನೀನು ಕೆಟ್ಟೋಳು, ಹೋಗಿ ಅವನನ್ನೇ ಕರ್ಕೊಂಡು ಬಾ ಅಂತಂತೆ! ಹೆತ್ತೋಳು ಬೈಸ್ಕೊಂಡೇ ಮಗಳ ಕಾಲು ಮಡಿಲಿಗೆ ಎಳ್ಕೊಂಡು ಅಂಗಾಲಿಗೆ ಎಣ್ಣೆ ತಿಕ್ಕಿದ್ಲಂತೆ. ಬೈತಾ ಬೈತಾನೇ ಮಗು ನಿದ್ದೆ ಹೋಯ್ತಂತೆ. ಅಲ್ಲಿಗೆ ಈ ಕತೇನೂ ಮುಗೀತು, ಮಲಕ್ಕೋ ಇನ್ನ.